ಒಂದು ವರ್ಷದ ಮಕ್ಕಳು



ಜೀವನವಿಡೀ ಶಾಲೆಯಲ್ಲಿ ಪಾಠ ಮಾಡಿದ ತಂದೆಯ ನೆನಪಿಗೆ ಮಕ್ಕಳು ಇಟ್ಟ ಉಪನ್ಯಾಸ ದತ್ತಿ ಇದು. ಶಿಕ್ಷಣಕ್ಕೆ ಸಂಬಂಧಿಸಿದ ಯಾವ ವಿಷಯವಾದರೂ ಸರಿ, ಆದರೆ ನೀವು ಸ್ವತಃ ಕಂಡದ್ದನ್ನೇ ಹೇಳಬೇಕು ಎಂದು ಅವರು ನನ್ನನ್ನು ಕೇಳಿಕೊಂಡರು. ಧಾರವಾಡದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತ ನನ್ನ ನೌಕರಿ ಮುಗಿಯಿತು. ಆ ವರ್ಷಗಳಲ್ಲಿ ಜಪಾನ್, ಮೆಕ್ಸಿಕೊ, ಬ್ರೆಜಿಲ್, ಜರ್ಮನಿ, ಫ್ರಾನ್ಸ್ ದೇಶಗಳಿಂದ ಹದಿನಾರು ಹದಿನೇಳರ ಹರೆಯದ ಮಕ್ಕಳು ವಿನಿಮಯ ವಿದ್ಯಾರ್ಥಿಗಳಾಗಿ ನಮ್ಮಲ್ಲಿಗೆ ಬಂದರು. ಒಬ್ಬೊಬ್ಬರೂ ಒಂದು ವರ್ಷ ಇದ್ದು, ನಮ್ಮ ಜೋಳದ ರೊಟ್ಟಿ ತಿಂದು, ನಮ್ಮ ಬಸ್ಸುಗಳಲ್ಲಿ ನಿಂತು ಓಡಾಡಿ, ಹೋಗುವಾಗ ಅತ್ತು ಹೋದರು. ಅವರ ಮೇಲೆ ನನಗಿರುವ ಪ್ರೀತಿಯನ್ನು ನಿಮ್ಮೆದುರು ಹೇಳಿಕೊಳ್ಳುವುದು ಈ ಉಪನ್ಯಾಸದ ಮೊದಲ ಉದ್ದೇಶ.

ಎರಡನೆಯ ಉದ್ದೇಶವೂ ಇದೆ. ಪರದೇಶದ ವಿದ್ಯಾರ್ಥಿಗೆ ಹಾರ ಹಾಕಿ ಮುಂದಿನ ಕುರ್ಚಿಯಲ್ಲಿ ಕೂರಿಸಿದಷ್ಟು ದಿನ ಆ ಮಗುವೂ ಏನನ್ನೂ ಕಲಿಯುವುದಿಲ್ಲ, ನಮ್ಮ ಮಕ್ಕಳೂ ಕಲಿಯುವುದಿಲ್ಲ. ಆ ಮಗುವಿಗೆ ಉಳಿದವರಂತೆ ಕೆಲಸ ಹಚ್ಚಿದ ದಿನ, ಮಾತಾಡಲು ಪಾಳಿ ಕೊಟ್ಟ ದಿನ, ತಡವಾಗಿ ಬಂದರೆ ಗದರಿಸಿದ ದಿನ ಇಡೀ ವರ್ಗದ ಕಲಿಕೆ ಶುರುವಾಗುತ್ತದೆ. ನಾನು ಕಂಡ ಸತ್ಯ ಇದು. ಇದನ್ನು ನನಗೆ ಕಲಿಸಿದ ಮಕ್ಕಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅವರೆಲ್ಲ ಈಗ ತಂತಮ್ಮ ದೇಶಗಳಲ್ಲಿ ಸಂಸಾರಸ್ಥರು. ಅವರ ಹರೆಯದ ಸಂಕಟ ಸಂತೋಷಗಳ ಹಕ್ಕು ಅವರದೇ.

ಯುದ್ಧದ ಬೂದಿಯಿಂದ ಎದ್ದ ಪದ್ಧತಿ

ಇತಿಹಾಸದ ಶಿಕ್ಷಕಿಯಾದ್ದರಿಂದ ಈ ಪದ್ಧತಿಯ ಹುಟ್ಟನ್ನು ಮೊದಲು ಹೇಳಬೇಕು. ವಿದ್ಯೆಗಾಗಿ ದೇಶ ದಾಟುವುದು ಹಳೆಯದು. ಷ್ವಾನ್ ತ್ಸಾಂಗ್ ನಾಲಂದಾಕ್ಕೆ ಬಂದದ್ದನ್ನು ನಾವು ಚಿಕ್ಕ ವರ್ಗಗಳಲ್ಲೇ ಓದುತ್ತೇವೆ. 1853ರಲ್ಲಿ ಭಾರತಕ್ಕೆ ಬಂದ ಜರ್ಮನಿಯ ಫರ್ಡಿನೆಂಡ್ ಕಿಟೆಲ್ ನಮ್ಮ ಧಾರವಾಡದಲ್ಲೂ ಇದ್ದು ಕನ್ನಡ ಕಲಿತವರು. ಅವರ ನಿಘಂಟು 1894ರಲ್ಲಿ ಅಚ್ಚಾಯಿತು. ಆದರೆ ಇವರೆಲ್ಲ ಬೆಳೆದವರು, ತಮ್ಮದೇ ನಿಶ್ಚಯದಿಂದ ಹೊರಟವರು. ಶಾಲೆಗೆ ಹೋಗುವ ಮಗುವನ್ನು ತಾಯಿತಂದೆಯರು ಒಂದು ವರ್ಷದ ಮಟ್ಟಿಗೆ ಗುರುತಿಲ್ಲದ ದೇಶದ ಗುರುತಿಲ್ಲದ ಮನೆಗೆ ಕಳಿಸುವ ಪದ್ಧತಿ ಬೇರೆಯೇ. ಅದು ಇಪ್ಪತ್ತನೆಯ ಶತಮಾನದ್ದು, ಮತ್ತು ಬಹುಮಟ್ಟಿಗೆ ಯುದ್ಧಗಳಿಂದ ಹುಟ್ಟಿದ್ದು.

ಎಎಫ್ಎಸ್ ಎಂಬ ಸಂಸ್ಥೆಯ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಮೊದಲನೆಯ ಮಹಾಯುದ್ಧದಲ್ಲಿ, 1915ರಲ್ಲಿ, ಫ್ರಾನ್ಸಿನ ರಣರಂಗದಿಂದ ಗಾಯಾಳುಗಳನ್ನು ಹೊತ್ತು ತರಲು ಅಮೆರಿಕದ ಸ್ವಯಂಸೇವಕರು ಕಟ್ಟಿದ ಆ್ಯಂಬುಲೆನ್ಸ್ ದಳ ಅದು. ಎರಡನೆಯ ಮಹಾಯುದ್ಧದಲ್ಲೂ ಅದೇ ಕೆಲಸ ಮಾಡಿತು. ಎರಡೆರಡು ಯುದ್ಧಗಳ ಹೆಣಗಳನ್ನು ಕಂಡ ಆ ಚಾಲಕರು, ಇನ್ನು ಗಾಯಾಳುಗಳನ್ನು ಹೊರುವುದಕ್ಕಿಂತ ಮಕ್ಕಳನ್ನು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಕರೆದೊಯ್ಯೋಣ ಎಂದು ನಿಶ್ಚಯಿಸಿದರು. 1947ರಲ್ಲಿ ಅವರ ಶಾಲಾ ವಿದ್ಯಾರ್ಥಿಗಳ ವಿನಿಮಯ ಆರಂಭವಾಯಿತು. ನಮಗೆ ಸ್ವಾತಂತ್ರ್ಯ ಬಂದ ವರ್ಷವೇ ಅದು.

ಫುಲ್‌ಬ್ರೈಟ್ ಯೋಜನೆಯ ಹಣದ ಮೂಲವೂ ಹೀಗೆಯೇ. ಯುದ್ಧ ಮುಗಿದಾಗ ಅಮೆರಿಕದ ಸೈನ್ಯದ ಹೆಚ್ಚುವರಿ ಸಾಮಾನುಗಳು ಲೋಕದ ಉದ್ದಗಲಕ್ಕೂ ಬಿದ್ದಿದ್ದವು. ಅವುಗಳನ್ನು ಮಾರಿ ಬಂದ ಹಣವನ್ನು ವಿದ್ಯಾರ್ಥಿಗಳ ಮತ್ತು ವಿದ್ವಾಂಸರ ವಿನಿಮಯಕ್ಕೆ ಬಳಸಬೇಕೆಂದು ಸೆನೆಟರ್ ಫುಲ್‌ಬ್ರೈಟ್ ಸೂಚಿಸಿದರು. 1946ರಲ್ಲಿ ಅದು ಕಾಯಿದೆಯಾಯಿತು. ಭಾರತ 1950ರ ಫೆಬ್ರುವರಿ 2ರಂದು ಒಪ್ಪಂದಕ್ಕೆ ಸಹಿ ಹಾಕಿತು. 2008ರಲ್ಲಿ ಎರಡೂ ಸರಕಾರಗಳು ಖರ್ಚನ್ನು ಸಮವಾಗಿ ಹೊರಲು ಒಪ್ಪಿದ ಮೇಲೆ ಅದಕ್ಕೆ ಫುಲ್‌ಬ್ರೈಟ್-ನೆಹರು ಎಂಬ ಹೆಸರು ಬಂತು. ಅದೇ 1950ರಲ್ಲಿ ಮೌಲಾನಾ ಆಜಾದರು ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತನ್ನು ಸ್ಥಾಪಿಸಿದರು. ಆಫ್ರಿಕಾ, ಏಷ್ಯಾದ ಎಷ್ಟೋ ಮಕ್ಕಳು ಅದರ ವಿದ್ಯಾರ್ಥಿವೇತನ ಪಡೆದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಓದಿದ್ದಾರೆ. ಇನ್ನು ಎಪ್ಪತ್ತೈದು ವರ್ಷಗಳೊಳಗೆ ಮೂರು ಸಲ ಯುದ್ಧ ಮಾಡಿದ ಫ್ರಾನ್ಸ್ ಮತ್ತು ಜರ್ಮನಿ 1963ರಲ್ಲಿ ಸ್ನೇಹದ ಒಪ್ಪಂದ ಮಾಡಿಕೊಂಡಾಗ, ಡಿ ಗಾಲ್ ಮತ್ತು ಆಡೆನೌವರ್ ಎಂಬ ಇಬ್ಬರು ವೃದ್ಧರು ಮೊದಲು ಕಟ್ಟಿಸಿದ್ದು ಎರಡೂ ದೇಶಗಳ ಮಕ್ಕಳ ವಿನಿಮಯದ ಕಚೇರಿಯನ್ನು. ಲಕ್ಷಾಂತರ ಮಕ್ಕಳು ಅದರ ಮೂಲಕ ಗಡಿ ದಾಟಿದರು. ಅಜ್ಜಂದಿರು ಬಂದೂಕು ಹಿಡಿದು ಹೋದ ಊರಿಗೆ ಮೊಮ್ಮಕ್ಕಳು ಪಾಟಿಚೀಲ ಹಿಡಿದು ಹೋದರು.

ನಮ್ಮ ಕಾಲೇಜಿಗೆ ಬರುತ್ತಿದ್ದ ಮಕ್ಕಳಲ್ಲಿ ಹೆಚ್ಚಿನವರು ರೋಟರಿಯ ಯುವ ವಿನಿಮಯದಿಂದ ಬಂದವರು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಜನಕ್ಕೆ ಆ ಕಡುನೀಲಿ ಬ್ಲೇಜರ್ ಪರಿಚಿತ. ಮಕ್ಕಳು ತಮ್ಮ ದೇಶದ ಸಣ್ಣ ಸಣ್ಣ ಪಿನ್ನುಗಳ ಗಂಟು ಹೊತ್ತು ತರುತ್ತಾರೆ. ಬೇರೆ ದೇಶದ ಮಗು ಸಿಕ್ಕಾಗ ತಮ್ಮದೊಂದನ್ನು ಕೊಟ್ಟು ಅವರದೊಂದನ್ನು ಪಡೆಯುತ್ತಾರೆ. ವರ್ಷ ಮುಗಿಯುವ ಹೊತ್ತಿಗೆ ಕೋಟಿನ ಬಟ್ಟೆಯೇ ಕಾಣುವುದಿಲ್ಲ. ನಿಯಮಗಳು ಬಿಗಿ. ವಾಹನ ಓಡಿಸಬಾರದು, ಕುಡಿಯಬಾರದು, ಪ್ರೇಮಪ್ರಕರಣ ಕೂಡದು, ಮಾದಕ ವಸ್ತು ಮುಟ್ಟಬಾರದು. ಇಂಗ್ಲಿಷಿನಲ್ಲಿ ನಾಲ್ಕೂ ‘ಡಿ’ಯಿಂದ ಶುರುವಾಗುತ್ತವೆ ಎಂದು ಅದನ್ನು ‘ನಾಲ್ಕು ಡಿ’ ಎನ್ನುತ್ತಾರೆ. ಮಗು ಒಂದೇ ಮನೆಯಲ್ಲಿ ಇರುವುದಿಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ಮನೆ ಬದಲಾಗುತ್ತದೆ. ಇಟ್ಟುಕೊಂಡ ಮನೆಯವರಿಗೆ ಯಾರೂ ಹಣ ಕೊಡುವುದಿಲ್ಲ. ಊಟ, ವಸತಿ, ಕಾಯಿಲೆ ಕಸಾಲೆಯ ಆರೈಕೆ ಎಲ್ಲ ಅವರ ಪ್ರೀತಿಯ ಮೇಲೆ. ನೂರೆಂಬತ್ತು ದಿನಕ್ಕಿಂತ ಹೆಚ್ಚು ಇರುವ ಪರದೇಶದವರು ಬಂದ 14 ದಿನಗಳಲ್ಲಿ ಹೆಸರು ನೋಂದಾಯಿಸಬೇಕು. ನಮ್ಮಂಥ ಜಿಲ್ಲೆಗಳಲ್ಲಿ ಅದು ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಯಲ್ಲಿ ಆಗುತ್ತಿದ್ದ ಕೆಲಸ. ಹೀಗಾಗಿ ಈ ಮಕ್ಕಳು ಧಾರವಾಡದಲ್ಲಿ ಮೊದಲು ನೋಡುತ್ತಿದ್ದ ಸ್ಥಳಗಳಲ್ಲಿ ಪೊಲೀಸ್ ಕಚೇರಿಯ ಬಾಕು ಒಂದು.

ಕಸಬರಗಿ ಹಿಡಿದ ಹುಡುಗ

ಮನೆಗೆ ಫೋನು ಮಾಡಲು ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದ ಕಾಲದಲ್ಲಿ ಜಪಾನಿನಿಂದ ಒಬ್ಬ ಹುಡುಗ ಬಂದ. ಕನ್ನಡ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ. ಮೊದಲ ವಾರ ಅವನಿಗೆ ಎಲ್ಲ ವರ್ಗಗಳಲ್ಲೂ ಮುಂದಿನ ಬೆಂಚು, ಸ್ಟಾಫ್ ರೂಮಿನಲ್ಲಿ ಚಹಾ, ಪ್ರಾರ್ಥನೆಯ ಹೊತ್ತಿಗೆ ಪ್ರಾಚಾರ್ಯರ ಪಕ್ಕದಲ್ಲಿ ನಿಲುವು. ಹುಡುಗ ದಿನದಿನಕ್ಕೆ ಇಳಿದುಹೋದ. ಊಟ ಒಗ್ಗಲಿಲ್ಲವೇನೋ ಎಂದು ಅವನನ್ನು ಇಟ್ಟುಕೊಂಡಿದ್ದ ಮನೆಯವರು ಗಾಬರಿಯಾದರು.

ಒಂದು ಸಂಜೆ ಕೊನೆಯ ಗಂಟೆ ಹೊಡೆದ ಮೇಲೆ ನಮ್ಮ ಕಾಲೇಜಿನ ಆಯಾ ಸ್ಟಾಫ್ ರೂಮಿಗೆ ಓಡಿ ಬಂದಳು. “ಅಕ್ಕಾರ, ಲಗೂ ಬರ್ರಿ. ಆ ಜಪಾನದ ಹುಡುಗ ನನ್ನ ಕೈಯಾಗಿನ ಕಸಬರಗಿ ಕಸಕೊಂಡಾನ. ನಾಳೆ ನನ್ನ ಪಗಾರಾನೂ ಅವನಿಗೇ ಕೊಡ್ತಾರೇನ್ರಿ?” ಎಂದಳು. ಹೋಗಿ ನೋಡಿದರೆ ಹುಡುಗ ಬೆಂಚುಗಳನ್ನೆಲ್ಲ ಒಂದು ಬದಿಗೆ ಸರಿಸಿ, ಮೂಲೆಯಿಂದ ಬಾಗಿಲಿನ ಕಡೆಗೆ ಸಾಲು ತಪ್ಪದಂತೆ ಗುಡಿಸುತ್ತಿದ್ದ. ಅವನ ಮುಖದಲ್ಲಿ ಆ ವಾರದಲ್ಲಿ ಮೊದಲ ಸಲ ನೆಮ್ಮದಿ ಕಂಡೆ.

ಜಪಾನಿನ ಶಾಲೆಗಳಲ್ಲಿ ಮಕ್ಕಳು ತಮ್ಮ ವರ್ಗವನ್ನು, ಮೊಗಸಾಲೆಯನ್ನು, ಎಷ್ಟೋ ಕಡೆ ಶೌಚಾಲಯವನ್ನೂ ತಾವೇ ಸ್ವಚ್ಛ ಮಾಡುತ್ತಾರೆ. ಪ್ರಾಥಮಿಕ ಶಾಲೆಗಳಲ್ಲಿ ಮಧ್ಯಾಹ್ನದ ಊಟವನ್ನು ಏಪ್ರನ್ ಕಟ್ಟಿಕೊಂಡು ಮಕ್ಕಳೇ ಬಡಿಸುತ್ತಾರೆ. ಅದು ಶಿಕ್ಷೆಯಲ್ಲ, ಬಡವರ ಪಾಲಿನ ಕೆಲಸವೂ ಅಲ್ಲ, ವೇಳಾಪಟ್ಟಿಯ ಒಂದು ಭಾಗ. ಅಷ್ಟು ದಿನ ಮಾಡಲು ಕೆಲಸವಿಲ್ಲದೆ ಆ ಹುಡುಗ ತಾನು ಈ ಶಾಲೆಯವನಲ್ಲ ಎಂದು ಕೊರಗುತ್ತಿದ್ದ.

ಮರುದಿನ ಆಯಾಳ ಕೆಲಸಕ್ಕಾಗಲಿ ಪಗಾರಕ್ಕಾಗಲಿ ಕುತ್ತಿಲ್ಲ ಎಂದು ಅವಳಿಗೆ ಖಾತ್ರಿ ಮಾಡಿಕೊಟ್ಟು, ವರ್ಗದಲ್ಲಿ ಒಂದು ಪಟ್ಟಿ ಹಚ್ಚಿದೆವು. ಐದೈದು ಮಂದಿಯ ಗುಂಪು, ದಿನಕ್ಕೊಂದು ಗುಂಪಿನ ಪಾಳಿ. ನಮ್ಮ ಹುಡುಗರಲ್ಲಿ ಗುಸುಗುಸು ಎದ್ದಿತು. ಮನೆಯಲ್ಲಿ ಕಸಬರಗಿ ಮುಟ್ಟದವರಿದ್ದರು. ಯಾರ ಮನೆಯವರು ಊರಿನ ಕಸ ಹೊಡೆಯುತ್ತಾರೆ ಎಂಬುದನ್ನು ಬಾಯಿ ಬಿಟ್ಟು ಹೇಳದೆ ಎಲ್ಲರೂ ಬಲ್ಲವರಾಗಿದ್ದರು. ಆದರೆ ವಿಮಾನ ಹತ್ತಿ ಬಂದ ಹುಡುಗನೇ ಗುಡಿಸುವಾಗ ನಾನು ಗುಡಿಸುವುದಿಲ್ಲ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಗಾಂಧೀಜಿಯ ನೈರ್ಮಲ್ಯದ ಪಾಠವನ್ನು ನಾನು ವರ್ಷವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅದು ನೆಲಕ್ಕಿಳಿದದ್ದು ಆ ವರ್ಷ. ಹುಡುಗ ಊರಿಗೆ ಹೋದ ಮೇಲೂ ಪಾಳಿ ನಿಲ್ಲಲಿಲ್ಲ. ಆಯಾ ಅವನಿಗೆ ಹೊರಡುವ ದಿನ ತನ್ನ ದುಡ್ಡಿನಲ್ಲಿ ಅರ್ಧ ಕಿಲೋ ಪೇಡೆ ತಂದುಕೊಟ್ಟಳು.

ಚೆಂಡು ಹೂವು

ಮೆಕ್ಸಿಕೊದ ಹುಡುಗಿಯ ವಿಷಯಕ್ಕೆ ಬಂದರೆ ನನಗೆ ಮಾತು ಸಾಲದು. ಅವಳು ಮೊದಲು ಇದ್ದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಆಯಿ ಇದ್ದರು. ಬಂದ ಎರಡನೆಯ ದಿನವೇ ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ರೊಟ್ಟಿ ಬಡಿಯುವ ಸಪ್ಪಳ ಕೇಳಿ, ಒಳಗೆ ಹೋಗಿ ಕೈತೊಳೆದುಕೊಂಡು ಕೂತಳು. ಅವಳ ಊರಿನಲ್ಲಿ ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರುಬ್ಬಿ, ಅಂಗೈಯಲ್ಲಿ ತಟ್ಟಿ, ಹಂಚಿನ ಮೇಲೆ ಸುಡುತ್ತಾರೆ. ಅಜ್ಜಿಯ ಕೈಯಿಂದ ಅವಳು ಅದನ್ನು ಕಲಿತಿದ್ದಳು. ಜೋಳದ ಹಿಟ್ಟಿಗೆ ಜಿಗುಟು ಕಡಿಮೆ, ಎಸರು ಹಾಕಿ ನಾದದಿದ್ದರೆ ಅಂಚು ಒಡೆಯುತ್ತದೆ. ಮೊದಲ ರೊಟ್ಟಿ ಒಡೆಯಿತು, ಎರಡನೆಯದೂ ಒಡೆಯಿತು. ವಾರ ಕಳೆಯುವುದರೊಳಗೆ ಆಯಿ ಪಕ್ಕದ ಮನೆಯವರನ್ನು ಕರೆದು ತೋರಿಸುವಷ್ಟು ತೆಳುವಾಗಿ ಬಡಿಯತೊಡಗಿದಳು. ಆ ಮನೆಯಲ್ಲಿ ಬೆಳಗಿನ ರೊಟ್ಟಿಯ ಕೆಲಸ ಅವಳ ಪಾಲಿಗೆ ಬಂತು. ಪರದೇಶದ ಹುಡುಗಿಯಿಂದ ಕೆಲಸ ಮಾಡಿಸುತ್ತಾರಂತೆ ಎಂದು ಓಣಿಯಲ್ಲಿ ಆಡಿಕೊಂಡವರೂ ಇದ್ದರು. ಆಯಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳನ್ನು ಒಮ್ಮೆ ವರ್ಗದ ಮಕ್ಕಳೊಂದಿಗೆ ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಕರೆದುಕೊಂಡು ಹೋದೆ. ಮಾರುಕಟ್ಟೆಯ ಅಂಗಳದಲ್ಲಿ ಕೆಂಪು ಗುಡ್ಡಗಳಂತೆ ಮೆಣಸಿನಕಾಯಿ. ಎಲ್ಲರೂ ಸೀನುತ್ತ ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಅವಳು ಒಂದು ಕಾಯಿಯನ್ನು ಮುರಿದು ಮೂಸಿ, ಸುಕ್ಕುಗಟ್ಟಿದ ಸಿಪ್ಪೆಯನ್ನು ಬೆಳಕಿಗೆ ಹಿಡಿದು, ನಮ್ಮಲ್ಲೂ ಹೀಗೆಯೇ ಒಣಗಿಸುತ್ತಾರೆ, ಖಾರಕ್ಕಿಂತ ಬಣ್ಣಕ್ಕೆ ಬೇರೆ ಜಾತಿ ಇಟ್ಟಿದ್ದಾರೆ ಎಂದಳು. ಬ್ಯಾಡಗಿಯ ಹೆಸರೂ ಖಾರಕ್ಕಲ್ಲ, ಬಣ್ಣಕ್ಕೆ. ಆ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ 2011ರಲ್ಲಿ ಸಿಕ್ಕಿತು. ಮೆಣಸಿನಕಾಯಿಯ ತವರು ಅವಳ ನಾಡು, ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಕರಾವಳಿಗೆ ಬಂದದ್ದು ಹದಿನಾರನೆಯ ಶತಮಾನದಲ್ಲಿ ಎಂದು ನಾನು ಅಲ್ಲೇ ಹೇಳಿದೆ. ರೈತರ ಮನೆಯ ಹುಡುಗನೊಬ್ಬ, “ಹಂಗಾದ್ರ ಇದು ನಮ್ಮದಲ್ಲೇನ್ರಿ ಮೇಡಂ?” ಎಂದು ಮುಖ ಸಣ್ಣ ಮಾಡಿದ. ನಾನೂರು ವರ್ಷ ಬಿತ್ತಿ ಬೆಳೆದು ತಳಿ ಆರಿಸಿದ ಮೇಲೆ ನಿಮ್ಮದೂ ಹೌದು ಎಂದು ಉತ್ತರ ಕೊಟ್ಟವಳು ಆ ಹುಡುಗಿ.

ಮುಂದೆ ಬಂದ ಬ್ರೆಜಿಲಿನ ಹುಡುಗ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಇದರ ತಿರುವುಮುರುವು ಕಂಡ. ಹಿಣಿಲು ಹೊತ್ತ ಹೋರಿಗಳ ಮುಂದೆ ನಿಂತು, ಇವು ನಮ್ಮ ದನಗಳು ಎಂದ. ಅವನ ದೇಶದ ಹಿಂಡುಗಳಲ್ಲಿ ಬಹುಪಾಲು ನೆಲ್ಲೋರ್ ಹೆಸರಿನ, ಆಂಧ್ರದ ಓಂಗೋಲ್ ಮೂಲದ ತಳಿ. ಅಮೆರಿಕದ ಬ್ರಾಹ್ಮನ್ ತಳಿಯಲ್ಲಿ ನಮ್ಮ ಕೃಷ್ಣಾ ಕಣಿವೆಯ ದನಗಳ ರಕ್ತವೂ ಇದೆ ಎಂಬುದು ನಮ್ಮ ಮಕ್ಕಳಿಗೆ ತಿಳಿದದ್ದು ಅವನ ನೆಪದಿಂದ.

ಮೆಕ್ಸಿಕೊದ ಹುಡುಗಿ ಅತ್ತದ್ದನ್ನು ನಾನು ಕಂಡದ್ದು ದೀಪಾವಳಿಯ ಹಿಂದಿನ ದಿನ. ಸುಭಾಸ ರೋಡಿನಲ್ಲಿ ಚೆಂಡು ಹೂವಿನ ರಾಶಿಗಳು ಬಿದ್ದಿದ್ದವು. ಅವಳು ರಾಶಿಯೊಂದರ ಪಕ್ಕ ಕುಕ್ಕರಗಾಲಲ್ಲಿ ಕೂತು ಬಿಕ್ಕತೊಡಗಿದಳು. ಚೆಂಡು ಹೂವು ಮೂಲತಃ ಮೆಕ್ಸಿಕೊದ್ದೇ. ನವೆಂಬರ್ ಮೊದಲೆರಡು ದಿನ ಅಲ್ಲಿ ತೀರಿಕೊಂಡವರ ಹಬ್ಬ. ಮನೆಯಲ್ಲಿ ಮೇಜು ಹಾಸಿ, ಸತ್ತವರ ಫೋಟೋ ಇಟ್ಟು, ಅವರಿಗೆ ಇಷ್ಟವಾದ ತಿನಿಸು ಬಡಿಸಿ, ದೀಪ ಹಚ್ಚಿ, ಚೆಂಡು ಹೂವಿನ ಪಕಳೆಗಳಿಂದ ಬಾಗಿಲವರೆಗೆ ದಾರಿ ಮಾಡುತ್ತಾರೆ. ಅವಳ ಅಜ್ಜ ಹಿಂದಿನ ವರ್ಷ ತೀರಿಕೊಂಡಿದ್ದರು. ಅವರಿಗೆ ಮೊದಲ ಸಲ ಎಡೆ ಇಡುವ ಹಬ್ಬಕ್ಕೆ ತಾನು ಮನೆಯಲ್ಲಿಲ್ಲ ಎಂಬ ದುಃಖ.

ಮನೆಗೆ ಕರೆತಂದು ಆಯಿಗೆ ವಿಷಯ ಹೇಳಿದೆ. ಅವರು ಹೆಚ್ಚೇನೂ ಕೇಳಲಿಲ್ಲ. “ಅದಕ್ಕ್ಯಾಕ ಅಳತಿ ಯವ್ವಾ? ನಾವು ಮಾನೌಮಿ ಅಮಾಸಿಗೆ ಹಿರಿಯರಿಗೆ ಎಡಿ ಹಿಡಿಯೂದಿಲ್ಲೇನು? ನಿಮ್ಮಜ್ಜನ ಫೋಟೋ ತಾ. ನಮ್ಮವರ ಬಾಜೂಕ ಇಡು” ಎಂದರು. ಹುಡುಗಿಯ ಹತ್ತಿರ ಪಾಕೀಟಿನಲ್ಲಿ ಇಡುವಷ್ಟು ಸಣ್ಣ ಫೋಟೋ ಇತ್ತು. ಆಯಿಯ ಯಜಮಾನರ ದೊಡ್ಡ ಫೋಟೋದ ಪಕ್ಕ ಅದನ್ನು ಇಟ್ಟರು. ನಿಮ್ಮಜ್ಜ ಏನು ಉಣ್ಣುತ್ತಿದ್ದರು ಎಂದು ಆಯಿ ಕೇಳಿದ ಮೇಲೆ, ಹುಡುಗಿಯೇ ಗೋವಿನಜೋಳದ ರೊಟ್ಟಿ ಬಡಿದು, ಬ್ಯಾಡಗಿ ಮೆಣಸಿನಕಾಯಿ ಅರೆದು ಚಟ್ನಿ ಮಾಡಿ ಎಡೆ ಹಿಡಿದಳು. ಇಡೀ ಮನೆ ಅದನ್ನೇ ಉಂಡಿತು. ಶಿಕ್ಷಣ ಶಾಸ್ತ್ರದ ಯಾವ ತರಬೇತಿಯಲ್ಲೂ ಆಯಿ ಕೂತವರಲ್ಲ. ಆದರೆ ಮಗುವಿನ ದುಃಖಕ್ಕೆ ಸಮಾಧಾನದ ಮಾತಿಗಿಂತ ಕೈಗೆ ಕೆಲಸ ಕೊಡಬೇಕು ಎಂಬುದನ್ನು ಅವರಷ್ಟು ಸ್ಪಷ್ಟವಾಗಿ ನನಗೆ ತೋರಿಸಿಕೊಟ್ಟವರು ಬೇರೆ ಯಾರೂ ಇಲ್ಲ.

ಎರಡನೆಯ ಮಹಾಯುದ್ಧದ ಪಾಠ

ಜರ್ಮನಿಯ ಬವೇರಿಯಾ ಪ್ರಾಂತದಿಂದ ಬಂದ ಹುಡುಗಿಯ ವರ್ಷ ನನ್ನ ಅಧ್ಯಾಪನದಲ್ಲೇ ಬಹಳ ಮುಖ್ಯವಾದ ವರ್ಷ. ಎರಡನೆಯ ಮಹಾಯುದ್ಧದ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಹಿಟ್ಲರನಂಥ ಗಟ್ಟಿ ನಾಯಕ ನಮಗೂ ಒಬ್ಬ ಬೇಕು ಎಂದ. ನಮ್ಮ ಹುಡುಗರ ಬಾಯಲ್ಲಿ ಈ ಮಾತು ಹೊಸದಲ್ಲ. ಹಿಟ್ಲರನ ಪುಸ್ತಕ ನಮ್ಮ ಊರುಗಳ ಫುಟ್‌ಪಾತಿನಲ್ಲಿ ಮಾರಾಟಕ್ಕೆ ಇರುತ್ತದೆ. ಅದನ್ನು ಓದದವರೂ ಆ ಹೆಸರನ್ನು ಧೈರ್ಯದ ಗುರುತಿನಂತೆ ಬಳಸುತ್ತಾರೆ. ನಾನು ಉತ್ತರಿಸುವ ಮೊದಲೇ ಹುಡುಗಿ ಕೈ ಎತ್ತಿ, ಬೋರ್ಡಿನ ಹತ್ತಿರ ಬರಲು ಅಪ್ಪಣೆ ಕೇಳಿದಳು.

ಬೋರ್ಡಿನ ಮೇಲೆ ಅಂಗೈಯಗಲದ ಒಂದು ಚೌಕ ಬರೆದಳು. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1992ರಲ್ಲಿ ಶುರು ಮಾಡಿದ ಕೆಲಸವನ್ನು ವಿವರಿಸಿದಳು. ನಾಜಿಗಳು ಹಿಡಿದೊಯ್ದ ಜನ ಕೊನೆಗೆ ತಮ್ಮ ಇಷ್ಟದಿಂದ ವಾಸವಾಗಿದ್ದ ಮನೆಯ ಮುಂದಿನ ಕಾಲುದಾರಿಯಲ್ಲಿ ಒಂದು ಹಿತ್ತಾಳೆಯ ಬಿಲ್ಲೆ ಹೂಳುತ್ತಾರೆ. ಅದರ ಮೇಲೆ ಹೆಸರು, ಹುಟ್ಟಿದ ವರ್ಷ, ಹಿಡಿದೊಯ್ದ ವರ್ಷ, ಸತ್ತ ಜಾಗ. ತಾನು ದಿನಾ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಮನೆಯ ಮುಂದೆ ಸಾಲಾಗಿ ಹಲವು ಬಿಲ್ಲೆಗಳಿವೆ, ಅದರಲ್ಲೊಂದು ತನಗಿಂತ ಚಿಕ್ಕ ಮಗುವಿನದು ಎಂದಳು. ಯುರೋಪಿನಲ್ಲಿ ಇಂಥ ಬಿಲ್ಲೆಗಳ ಸಂಖ್ಯೆ ಈಗ ಒಂದು ಲಕ್ಷ ದಾಟಿದೆ. ಮ್ಯೂನಿಕ್ ಹತ್ತಿರದ ಡಾಹೌ ಶಿಬಿರ ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲೇ ತೆರೆದದ್ದು. ಅಲ್ಲಿಗೆ ಶಾಲೆಯವರು ತಮ್ಮನ್ನು ಕರೆದುಕೊಂಡು ಹೋದಾಗ ವಾಪಸು ಬರುವ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ ಎಂದಳು. ಎಲ್ಲವನ್ನೂ ಅವಳು ಹೇಳಿದ್ದು ಮುರುಕು ಇಂಗ್ಲಿಷಿನಲ್ಲಿ, ನಡುನಡುವೆ ಕಲಿತ ಕನ್ನಡದಲ್ಲಿ. ಆ ಹುಡುಗನ ಮೇಲೆ ಸಿಟ್ಟು ಮಾಡಲಿಲ್ಲ.

ಹುಡುಗ ಕೇಳಿದ, ನಿಮ್ಮ ಮನೆಯವರು ಯಾವ ಕಡೆ ಇದ್ದರು? ಅವಳು ಮುಚ್ಚಿಡಲಿಲ್ಲ. ಮುತ್ತಜ್ಜ ಸೈನ್ಯದಲ್ಲಿದ್ದರು, ಅಲ್ಲಿ ಏನು ಮಾಡಿದರು ಎಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಕೇಳುವುದನ್ನು ನಾವು ಬಿಟ್ಟಿಲ್ಲ ಎಂದಳು. ಪ್ರತಿವರ್ಷ ನವೆಂಬರ್ 9ರಂದು, 1938ರಲ್ಲಿ ಯಹೂದಿಗಳ ಅಂಗಡಿ, ಪ್ರಾರ್ಥನಾಮಂದಿರಗಳನ್ನು ಸುಟ್ಟ ದಿನದ ನೆನಪಿಗೆ, ಶಾಲೆಯ ಮಕ್ಕಳು ಆ ಬಿಲ್ಲೆಗಳನ್ನು ತಿಕ್ಕಿ ಬೆಳಗುತ್ತಾರೆ ಎಂದು ಹೇಳಿದಾಗ, ಎರಡನೆಯ ಬೆಂಚಿನ ನಮ್ಮ ಹುಡುಗಿಯೊಬ್ಬಳು ಎದ್ದು ಕೇಳಿದ್ದು ಇದು: “ಯಾತರ್ಲೇ ತಿಕ್ಕತೀರಿ? ನಾವು ಹಿತ್ತಾಳಿಗೆ ಹುಣಚಿಹಣ್ಣು ಹಚ್ಚತೀವಿ.” ಹಿತ್ತಾಳೆ ಬೆಳಗುವ ಆ ಎರಡು ಮಾತುಗಳಲ್ಲಿ ದೂರದ ದೇಶದ ಘೋರ ಚರಿತ್ರೆ ಒಮ್ಮೆಲೇ ನಮ್ಮ ಬಚ್ಚಲುಮನೆಯ ಕಟ್ಟೆಯವರೆಗೆ ಬಂತು.

ಆಮೇಲೆ ಜರ್ಮನಿಯ ಹುಡುಗಿ ಒಂದು ಪ್ರಶ್ನೆ ಹಾಕಿದಳು. ನಿಮ್ಮ ಊರುಗಳಲ್ಲಿ ನೀವು ಹೀಗೆ ಯಾವುದನ್ನು ನೆನಪಿಡುತ್ತೀರಿ? ವರ್ಗ ಸುಮ್ಮನಾಯಿತು. ಕೊನೆಗೆ, ಎರಡು ವರ್ಷದಲ್ಲಿ ಬಾಯಿ ಬಿಟ್ಟು ಒಂದು ಪ್ರಶ್ನೆಗೂ ಉತ್ತರಿಸದ ಒಬ್ಬ ಹುಡುಗ ಎದ್ದು ನಿಂತ. ತನ್ನ ಅಜ್ಜನಿಗೆ ಊರ ಕೆರೆಯ ನೀರು ಮುಟ್ಟಲು ಬಿಡುತ್ತಿರಲಿಲ್ಲ, ಅಂಬೇಡ್ಕರರು ದಲಿತ ಮಕ್ಕಳಿಗೆಂದು ಧಾರವಾಡದಲ್ಲಿ ತೆರೆದ ವಿದ್ಯಾರ್ಥಿ ನಿಲಯದಲ್ಲಿ ಉಳಿದು ಓದಿದ್ದರಿಂದ ಅಜ್ಜ ಶಿಕ್ಷಕನಾದ ಎಂದು ಹೇಳಿದ. ಕೆರೆಯ ನೀರಿನ ಹಕ್ಕಿಗಾಗಿ ನಡೆದ 1927ರ ಮಹಾಡ ಸತ್ಯಾಗ್ರಹ ನಮ್ಮ ಪಠ್ಯದಲ್ಲಿದೆ. ಆ ಕೆರೆಯನ್ನು ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿ ಬಲ್ಲ ಮಕ್ಕಳು ತಮ್ಮ ಪಕ್ಕದಲ್ಲೇ ಕೂತವನ ಮನೆಯ ಕೆರೆಯ ಕಥೆಯನ್ನು ಕೇಳಿದ್ದು ಆ ದಿನ. ಜರ್ಮನಿಯ ಹುಡುಗಿ ತನ್ನ ದೇಶದ ಪಾಪವನ್ನು ಮುಚ್ಚಿಡದೆ ಹೇಳಿದ್ದರಿಂದ ಅವನಿಗೆ ಬಾಯಿ ಬಂತು. ಹಿಟ್ಲರನನ್ನು ಹೊಗಳಿದ ಹುಡುಗ ವಾರದ ಮೇಲೆ ಗ್ರಂಥಾಲಯದಿಂದ ಆ್ಯನ್ ಫ್ರಾಂಕ್‌ಳ ದಿನಚರಿ ಒಯ್ದ. ಈಗ ಅವನೂ ಇತಿಹಾಸ ಕಲಿಸುತ್ತಾನೆ.

ಆ ಹುಡುಗಿಯನ್ನು ನಾವು ‘ಜರ್ಮನಿಯ ಅತಿಥಿ’ ಎಂದು ಸಮಾರಂಭದಲ್ಲಿ ಕೂರಿಸಿದ್ದರೆ ಅವಳು ತನ್ನ ದೇಶದ ಕೋಟೆಗಳ, ಕಾರುಗಳ ಚಿತ್ರ ತೋರಿಸಿ ಚಪ್ಪಾಳೆ ಪಡೆದು ಇಳಿಯುತ್ತಿದ್ದಳು. ವರ್ಗದ ಒಬ್ಬ ವಿದ್ಯಾರ್ಥಿನಿಯಾಗಿ, ಸಹಪಾಠಿಯ ಮಾತಿಗೆ ಉತ್ತರ ಕೊಡುವ ಹಕ್ಕುಳ್ಳವಳಾಗಿ ಇದ್ದಳು. ಅದರಿಂದಲೇ ಆ ಗಂಟೆ ಸಾಧ್ಯವಾಯಿತು.

ಹೋಗಿ ಬಂದವರು, ಹೋಗದೆ ಉಳಿದವರು

ವಿನಿಮಯ ಎಂದ ಮೇಲೆ ನಮ್ಮಿಂದಲೂ ಮಕ್ಕಳು ಹೋದರು. ಬಟ್ಟೆ ವ್ಯಾಪಾರಿಯ ಮಗಳು ಫ್ರಾನ್ಸಿಗೆ, ವೈದ್ಯ ದಂಪತಿಯ ಮಗ ಬ್ರೆಜಿಲಿಗೆ. ಹೋಗುವಾಗ ಅಂಜುತ್ತಿದ್ದ ಮಕ್ಕಳು ಬರುವಾಗ ತಮ್ಮ ತಾಟು ತಾವೇ ತೊಳೆಯುವವರಾಗಿ, ಅಪ್ಪನ ಮಾತಿಗೆ ‘ಯಾಕೆ’ ಎಂದು ವಿನಯದಿಂದ ಕೇಳುವವರಾಗಿ ಬಂದರು. ಅವರ ಬಗ್ಗೆ ನನಗೆ ಹೆಮ್ಮೆಯಿದೆ.

ಆದರೆ ಹೋಗದೆ ಉಳಿದವಳೊಬ್ಬಳ ನೆನಪು ಅದಕ್ಕಿಂತ ಗಾಢವಾಗಿದೆ. ಹಳ್ಳಿಯಿಂದ ಬಸ್ ಪಾಸಿನ ಮೇಲೆ ಬರುತ್ತಿದ್ದ ಹುಡುಗಿ. ಮೆಕ್ಸಿಕೊದವಳ ಬೆಂಚಿನ ಗೆಳತಿ. ಅವಳಿಂದ ಕೆಲವೇ ತಿಂಗಳಲ್ಲಿ ಸ್ಪ್ಯಾನಿಷ್ ಕಲಿತು ಹರಟೆ ಹೊಡೆಯುತ್ತಿದ್ದಳು. ನಮ್ಮಲ್ಲಿ ವಿನಿಮಯಕ್ಕೆ ಅವಳಿಗಿಂತ ಯೋಗ್ಯ ಮಗು ಇರಲಿಲ್ಲ. ಅಲ್ಲಿ ಊಟ ವಸತಿ ಉಚಿತ, ಶಾಲೆಯ ಶುಲ್ಕವೂ ಇಲ್ಲ. ಆದರೆ ವಿಮಾನದ ಟಿಕೆಟ್ಟು, ವಿಮೆ, ವೀಸಾದ ಖರ್ಚು ಹೋಗುವವರೇ ಕೊಡಬೇಕು. ಅವಳ ತಂದೆಗೆ ಅದು ಮೂರು ವರ್ಷದ ದುಡಿಮೆ. ಅರ್ಜಿಯ ಕಾಗದವನ್ನು ಅವಳು ತುಂಬಲೇ ಇಲ್ಲ.

ಇದಕ್ಕೆ ದಾರಿಯಿಲ್ಲವೇ? ಇದೆ, ನಮ್ಮ ಸರಕಾರವೇ ಅದನ್ನು ದೇಶದೊಳಗೆ ಮಾಡಿ ತೋರಿಸಿದೆ. 1986ರ ಶಿಕ್ಷಣ ನೀತಿಯಿಂದ ಬೆಳೆದ ನವೋದಯ ವಿದ್ಯಾಲಯಗಳಲ್ಲಿ ಒಂಬತ್ತನೆಯ ತರಗತಿಯ ಶೇ 30ರಷ್ಟು ಮಕ್ಕಳು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಹೋಗಿ ಓದುವ ಏರ್ಪಾಡು ಇದೆ. ಹೋಗುವವರಲ್ಲಿ ಬಹುತೇಕರು ಹಳ್ಳಿಯ ಮಕ್ಕಳು, ಖರ್ಚು ಸರಕಾರದ್ದು. ಕರ್ನಾಟಕದ ರೈತನ ಮಗ ಉತ್ತರದ ಯಾವುದೋ ಜಿಲ್ಲೆಯಲ್ಲಿ ಹಿಂದಿಯಲ್ಲಿ ಜಗಳವಾಡಿ, ಹಿಂದಿಯಲ್ಲಿ ಗೆಳೆತನ ಮಾಡಿ ಬರುತ್ತಾನೆ. ಅಲ್ಲಿಯ ಮಗು ಇಲ್ಲಿ ಕನ್ನಡ ಕಲಿತು ಹೋಗುತ್ತದೆ. ಪರದೇಶದ ವಿನಿಮಯದಲ್ಲೂ ಪೂರ್ಣ ವಿದ್ಯಾರ್ಥಿವೇತನದ ದಾರಿಗಳಿವೆ. 2002ರಲ್ಲಿ ಆರಂಭವಾದ ಕೆನಡಿ-ಲೂಗರ್ ಯೋಜನೆ ಆಯ್ಕೆಯಾದ ಮಕ್ಕಳ ಅಮೆರಿಕ ಪ್ರಯಾಣದ ಖರ್ಚನ್ನೂ ಹೊರುತ್ತದೆ, ಭಾರತದ ಮಕ್ಕಳೂ ಅದರಲ್ಲಿದ್ದಾರೆ. ಈ ದಾರಿಗಳು ದೊಡ್ಡ ನಗರದ ಶಾಲೆಗಳ ಸೂಚನಾ ಫಲಕದ ಮೇಲೆ ಕಾಣುತ್ತವೆ. ನಮ್ಮ ತಾಲ್ಲೂಕಿನ ಸರಕಾರಿ ಕಾಲೇಜಿನ ಮಗುವಿಗೆ ಅವುಗಳ ಸುದ್ದಿ ತಲುಪುವುದಿಲ್ಲ.

ನನ್ನ ಬೇಡಿಕೆಗಳು

ಈ ಸಭೆಯ ಮುಂದೆ ಮೂರು ಬೇಡಿಕೆಗಳನ್ನು ಇಡುತ್ತೇನೆ.

ಮೊದಲನೆಯದು ಕಾಲೇಜುಗಳಿಗೆ. ಪರದೇಶದ ಮಗು ಬಂದರೆ ಸ್ವಾಗತ ಸಮಾರಂಭ ಒಂದೇ ಸಾಕು. ಮರುದಿನದಿಂದ ಹಾಜರಿ ಪುಸ್ತಕದಲ್ಲಿ ಹೆಸರು, ಬೆಂಚಿನಲ್ಲಿ ಒಬ್ಬ ಜೊತೆಗಾರ, ಗುಡಿಸುವ ಪಾಳಿ, ವರ್ಗದಲ್ಲಿ ಮಾತಾಡುವ ಸರದಿ ಇರಲಿ. ಪರೀಕ್ಷೆ ಇಲ್ಲವೆಂದು ಪಾಠದಿಂದ ಹೊರಗಿಡಬೇಡಿ.

ಎರಡನೆಯದು ಮನೆಗಳಿಗೆ. ಇಂಥ ಮಕ್ಕಳನ್ನು ಇಟ್ಟುಕೊಳ್ಳಲು ಬಂಗಲೆ ಬೇಡ, ಇಂಗ್ಲಿಷ್ ಬೇಡ. ಒಂದು ಮಂಚ, ಒಂದು ಬಾಗಿಲುಳ್ಳ ಕೋಣೆ, ಮನೆಯ ಎಲ್ಲರೂ ಉಣ್ಣುವ ಊಟ, ಮತ್ತು ಆ ಆಯಿಯಂತೆ ಮಗುವನ್ನು ನಮ್ಮವರ ಬಾಜೂಕ ಇಡುವ ಮನಸ್ಸು ಬೇಕು. ಶಿಕ್ಷಕರ, ಗುಮಾಸ್ತರ, ರೈತರ ಮನೆಗಳೂ ಮುಂದೆ ಬರಲಿ. ಪರದೇಶದ ಮಕ್ಕಳು ಶ್ರೀಮಂತರ ಧಾರವಾಡವನ್ನಷ್ಟೇ ನೋಡಿ ಹೋಗುವುದು ಅವರಿಗೂ ಅನ್ಯಾಯ, ಧಾರವಾಡಕ್ಕೂ ಅನ್ಯಾಯ.

ಮೂರನೆಯದು ದತ್ತಿ ಇಡುವ ಉದಾರಿಗಳಿಗೆ. ನಮ್ಮ ಊರಿನಲ್ಲಿ ಉಪನ್ಯಾಸಕ್ಕೆ, ಪ್ರಶಸ್ತಿಗೆ, ಗ್ರಂಥ ಬಹುಮಾನಕ್ಕೆ ದತ್ತಿಗಳಿವೆ. ಅವು ಬೆಳೆಯಲಿ. ಜೊತೆಗೆ ಒಂದು ಪ್ರಯಾಣ ದತ್ತಿ ಹುಟ್ಟಲಿ. ಮೂಲ ಹಣವನ್ನು ಮುಟ್ಟದೆ ಬಡ್ಡಿಯನ್ನು ಕೂಡಿಸಿ, ಕೆಲವು ವರ್ಷಗಳಿಗೊಮ್ಮೆಯಾದರೂ ಸರಕಾರಿ ಶಾಲೆಯಲ್ಲಿ ಓದಿದ ಒಂದು ಮಗುವಿನ ಟಿಕೆಟ್ಟು, ವಿಮೆ, ವೀಸಾ ಕೊಡುವಂಥದ್ದು. ಆ ಮಗು ಮರಳಿ ಬಂದು ತನ್ನ ಊರ ಶಾಲೆಯಲ್ಲಿ ಒಂದು ವಾರ ಇದ್ದು, ಕಂಡದ್ದನ್ನು ಚಿಕ್ಕವರಿಗೆ ಹೇಳಬೇಕು ಎಂಬುದೊಂದೇ ಷರತ್ತು.

ನನ್ನ ಇತಿಹಾಸದ ಪಾಠಗಳನ್ನು ಪಾಠವಾಗಿಸಿದವರು ಜಪಾನಿನ ಆ ಹುಡುಗ, ಮೆಕ್ಸಿಕೊದ ಮತ್ತು ಜರ್ಮನಿಯ ಆ ಹುಡುಗಿಯರು. ಅವರ ಋಣ ನನ್ನ ಮೇಲಿದೆ, ಅದನ್ನು ತೀರಿಸುವ ದಾರಿ ನಮ್ಮ ಮಕ್ಕಳನ್ನು ಕಳಿಸುವುದೇ. ಈ ಉಪನ್ಯಾಸದ ಗೌರವಧನವನ್ನೂ ನನ್ನ ಈ ತಿಂಗಳ ನಿವೃತ್ತಿ ವೇತನವನ್ನೂ ಪ್ರಯಾಣ ದತ್ತಿಯ ಮೊದಲ ಕಂತಾಗಿ ಸಭೆಯ ಅಧ್ಯಕ್ಷರ ಕೈಗೆ ಈಗಲೇ ಕೊಡುತ್ತಿದ್ದೇನೆ. ಉಳಿದದ್ದನ್ನು ನೀವು ತುಂಬಿಕೊಡುತ್ತೀರಿ ಎಂದು ನಂಬಿದ್ದೇನೆ.